ಯಂತ್ರಕ್ಕಿಂತ ಮೊದಲು ಪುಡಿ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಾಫಿಯ ವಿಚಾರವೇಕೆ ಎಂದು ಹುಬ್ಬೇರಿಸುವವರಿಗೆ ನನ್ನ ಉತ್ತರ ಇಷ್ಟೇ: ನಾವು ಬಾಳುತ್ತಿರುವುದು ಕಾಫಿಯ ಬೆಟ್ಟದ ಮೇಲೆ. ಬಾಬಾ ಬುಡನ್ ತಂದರೆಂದು ಪ್ರತೀತಿಯಿರುವ ಏಳು ಬೀಜಗಳಿಂದ ಕನ್ನಡ ನಾಡಿನ ಚಂದ್ರದ್ರೋಣ ಪರ್ವತ ಕಾಫಿಗೆ ತವರಾಯಿತು. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಅವರ ಪ್ರಯತ್ನದಿಂದ ನಮ್ಮ ಶೇರ್ವರಾಯನ್ ಬೆಟ್ಟದಲ್ಲಿಯೂ ಕಾಫಿ ಬೇರೂರಿತು. ಇಂತಹ ಊರಿನಲ್ಲಿ ಇಂದು ನಡೆದಿರುವುದೇನು? ಬೇಲಿಯಾಚೆ ಸಿಲ್ವರ್ ಓಕ್ ನೆರಳಿನಲ್ಲಿ ಅರೇಬಿಕಾ ಹಣ್ಣಾಗುತ್ತಿರುತ್ತದೆ. ಅಡುಗೆಮನೆಯಲ್ಲಿ ಎಲ್ಲಿಯದೋ ಕಾರ್ಖಾನೆಯ ಕ್ಯಾಪ್ಸೂಲ್ ಯಂತ್ರದಿಂದ ಕಾಫಿ ಇಳಿಯುತ್ತಿರುತ್ತದೆ. ಮಕ್ಕಳು ಅಕ್ಕರೆಯಿಂದ ಕಳುಹಿಸಿದ ಉಡುಗೊರೆ ಎಂಬ ಕಾರಣಕ್ಕೆ ಹಿರಿಯರು ಸುಮ್ಮನಿರುತ್ತಾರೆ. ನಾನು ಸುಮ್ಮನಿರಲಾರೆ.

ಮೊದಲು ಐದನೆಯ ತರಗತಿಯ ಲೆಕ್ಕ. ಒಂದು ಕ್ಯಾಪ್ಸೂಲಿನಲ್ಲಿರುವುದು ಸುಮಾರು 5 ಗ್ರಾಂ ಪುಡಿ. ಒಂದು ಕಿಲೋಗೆ 200 ಕ್ಯಾಪ್ಸೂಲು. ಒಂದಕ್ಕೆ 40 ರೂಪಾಯಿ ಎಂದು ಹಿಡಿದರೂ ಕಿಲೋಗೆ 8,000 ರೂಪಾಯಿ! ಬಿಸಿಲು ಮಳೆಯೆನ್ನದೆ ಗಿಡ ಸಾಕಿದ ಬೆಳೆಗಾರನಿಗೆ ಅದರಲ್ಲಿ ಸಲ್ಲುವ ಪಾಲೆಷ್ಟು ಎಂದು ಓದುಗರೇ ಊಹಿಸಲಿ. ಸಾಲದ್ದಕ್ಕೆ, ಆ ಯಂತ್ರ ತನ್ನ ಅಳತೆಯ ಕ್ಯಾಪ್ಸೂಲನ್ನಲ್ಲದೆ ಬೇರೆಯದನ್ನು ಒಪ್ಪದು. ಒಮ್ಮೆ ಅದು ಮನೆ ಹೊಕ್ಕಿತೆಂದರೆ ತಿಂಗಳು ತಿಂಗಳೂ ಕಂದಾಯ ಕಟ್ಟುತ್ತಲೇ ಇರಬೇಕು. ಕುಡಿದ ಮೇಲೆ ಉಳಿಯುವ ಕಸ ಬೆಟ್ಟದ ಪಾಲಿಗೆ.

“ಮೇಷ್ಟ್ರೇ, ನಮಗೆ ಸಮಯವಿಲ್ಲ” ಎನ್ನುತ್ತಾರೆ ಕಿರಿಯರು. ಫಿಲ್ಟರ್ ಕೇಳುವ ಸಮಯವಾದರೂ ಎಷ್ಟು? ಮೇಲಿನ ಪಾತ್ರೆಗೆ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹಗುರವಾಗಿ ಒತ್ತಿ, ಕುದಿಸಿ ಇಳಿಸಿದ ನೀರನ್ನು ಸುರಿಯಲು ಎರಡು ನಿಮಿಷ ಸಾಕು. ಉಳಿದ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಕರೆಂಟು ಬೇಡ, ರಿಪೇರಿಯಿಲ್ಲ. ಅಜ್ಜಿ ಬಳಸಿದ ಹಿತ್ತಾಳೆಯ ಫಿಲ್ಟರ್ ಮೊಮ್ಮಗಳಿಗೂ ಒದಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಫಿಲ್ಟರ್ ಅಭಿಮಾನಿಗಳು ಬೀಗಬೇಕಾಗಿಲ್ಲ. ನಮ್ಮವರಲ್ಲಿ ಪೊಟ್ಟಣದ ಮೇಲಿನ ಅಕ್ಷರ ಓದುವವರು ಎಷ್ಟು ಮಂದಿ? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಕೂಡದು, ಪ್ರಮಾಣವನ್ನು ಮುದ್ರಿಸಬೇಕು ಎಂಬುದು ನಮ್ಮ ದೇಶದ ನಿಯಮ. ಅಂದರೆ ಶೇ. 49ರವರೆಗೆ ಚಿಕೋರಿ ಬೆರೆಸಲು ಅಡ್ಡಿಯಿಲ್ಲ! ಚಿಕೋರಿ ಎಂಬುದು ಹುರಿದ ಬೇರು. ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ, ಕಾಫಿಯ ಚೈತನ್ಯ ಅದರಲ್ಲಿಲ್ಲ. ರುಚಿಗೆಂದು ಸ್ವಲ್ಪ ಬೆರೆಸುವ ರೂಢಿಗೆ ನನ್ನ ಆಕ್ಷೇಪವಿಲ್ಲ. ಅರ್ಧದಷ್ಟು ಬೇರಿನ ಪುಡಿಯನ್ನು, ಅದೂ ತಿಂಗಳುಗಟ್ಟಲೆ ಅಂಗಡಿಯಲ್ಲಿ ಮಲಗಿದ್ದ ಪುಡಿಯನ್ನು, ಹಿತ್ತಾಳೆಯ ಫಿಲ್ಟರಿಗೆ ಹಾಕಿ ಸಂಪ್ರದಾಯದ ಹೆಮ್ಮೆ ಪಡುವುದು ಆತ್ಮವಂಚನೆ. ಪುಡಿ ಮಾಡಿದ ಕ್ಷಣದಿಂದಲೇ ಕಾಫಿಯ ಪರಿಮಳ ಹಾರತೊಡಗುತ್ತದೆ. ಹಾರಿಹೋದದ್ದನ್ನು ಯಾವ ಫಿಲ್ಟರೂ ಯಾವ ಯಂತ್ರವೂ ಮರಳಿ ತರಲಾರದು.

ಆದುದರಿಂದ ನನ್ನ ವಾದವಿಷ್ಟು: ಹಣವನ್ನು ಉಪಕರಣಕ್ಕಿಂತ ಮೊದಲು ಬೀಜಕ್ಕೆ ವ್ಯಯಿಸಿ. ಊರಿನಲ್ಲೇ ಬೆಳೆದು ಹುರಿದ ಬೀಜವನ್ನು ವಾರಕ್ಕೆ ಬೇಕಾದಷ್ಟೇ ತನ್ನಿ. ಕೊಳ್ಳಲೇಬೇಕೆಂದರೆ ಕೈಯಿಂದ ತಿರುಗಿಸುವ ಕಾಫಿ ಬೀಸುವ ಯಂತ್ರ ಕೊಳ್ಳಿ. ಹಾಲಿಲ್ಲದ ಕಾಫಿ ಹಿಡಿಸಿದವರು ಫ್ರೆಂಚ್ ಪ್ರೆಸ್ ಇಟ್ಟುಕೊಳ್ಳಲಿ. ಅನುಕೂಲವಂತರು ಎಸ್ಪ್ರೆಸೊ ಯಂತ್ರವನ್ನೇ ತರಲಿ. ಅವೆಲ್ಲ ನಾವು ಆರಿಸಿದ ಪುಡಿಯನ್ನು ಒಪ್ಪುತ್ತವೆ. ಪುಡಿಯನ್ನು ಆರಿಸುವ ಹಕ್ಕನ್ನೇ ಕಸಿದುಕೊಳ್ಳುವ ಯಂತ್ರದೊಡನೆ ಮಾತ್ರ ನನಗೆ ಜಗಳ.

ಈ ಜಗಳವನ್ನು ನಮ್ಮ ಸಂಘದಿಂದಲೇ ಆರಂಭಿಸೋಣ. ತಾಯ್ನುಡಿಯನ್ನು ಉಳಿಸಲು ಸೇರುವ ನಾವು, ಸಭೆಯ ವಿರಾಮದಲ್ಲಿ ಗುಂಡಿಯೊತ್ತುವ ಯಂತ್ರದೆದುರು ಕಾಗದದ ಲೋಟ ಹಿಡಿದು ಸಾಲುಗಟ್ಟುತ್ತೇವೆ. ಮುಂದಿನ ಸಮ್ಮೇಳನಕ್ಕೆ ಆ ಬಾಡಿಗೆಯ ಯಂತ್ರ ಬೇಡ. ಇದೇ ಬೆಟ್ಟದ ಬೀಜವನ್ನು ಹಿಂದಿನ ದಿನ ಪುಡಿ ಮಾಡಿಸಿ, ಬೆಳಗ್ಗೆ ದೊಡ್ಡ ಫಿಲ್ಟರಿನಲ್ಲಿ ಇಳಿಸಿ, ಸ್ಟೀಲ್ ಲೋಟದಲ್ಲಿ ಬಂದವರಿಗೆಲ್ಲ ಕೊಡೋಣ. ಕಾರ್ಯಕಾರಿ ಸಮಿತಿ ಇದನ್ನು ನಿರ್ಣಯವಾಗಿಯೇ ಅಂಗೀಕರಿಸಬೇಕೆಂದು ಒತ್ತಾಯಿಸುತ್ತೇನೆ.