ಟರ್ಬೋ ಕಾರಿನ ಒತ್ತಡವೂ ಅದರ ಮಿತಿಯೂ

ಟರ್ಬೋ ಇರುವ ಮೋಟಾರು ಕಾರಿನ ಎಂಜಿನನ್ನು ಬದಲಿಸದೆಯೇ ಅದರ ಬಲವನ್ನು ಹೆಚ್ಚಿಸಬಹುದೆ ಎಂದು ವಾಚಕರೊಬ್ಬರು ಕೇಳಿರುವರು. ಹೆಚ್ಚಿಸಬಹುದು, ಆದರೆ ಮಿತಿಯನ್ನು ಅರಿತಿರಬೇಕು.

ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯು ಟರ್ಬೋವಿನ ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ಚಕ್ರವು ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವುದು. ಗಾಳಿ ಹೆಚ್ಚಿದಂತೆ ಹೊಗೆಯೂ, ಹೊಗೆ ಹೆಚ್ಚಿದಂತೆ ಚಕ್ರದ ವೇಗವೂ ಏರುವುವು. ಇದನ್ನು ತಡೆಯಲು ವೇಸ್ಟ್‌ಗೇಟ್ ಎಂಬ ಕಿರುಬಾಗಿಲುಂಟು. ಒತ್ತಡವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಸ್ಪ್ರಿಂಗು ಸೋತು ಬಾಗಿಲು ತೆರೆಯುವುದು. ಹೊಗೆಯ ಒಂದು ಪಾಲು ಚಕ್ರವನ್ನು ಮುಟ್ಟದೆ ಹೊರಹೋಗುವುದು.

ಸ್ಪ್ರಿಂಗನ್ನು ಬಿಗಿಮಾಡಿದರೆ ಬಲವು ಹೆಚ್ಚುವುದು ನಿಜ. ಆದರೆ ಪಿಸ್ಟನ್ನೂ ಕನೆಕ್ಟಿಂಗ್ ರಾಡೂ ಹಿಂದಿನವೇ ಅಲ್ಲವೆ? ಒತ್ತಿದ ಗಾಳಿಯು ಕಾಯುವುದು. ಅದಕ್ಕೆ ತಕ್ಕಷ್ಟು ಪೆಟ್ರೋಲು ಒದಗದಿದ್ದರೆ ಮಿಶ್ರಣವು ತಾನಾಗಿ ಸಿಡಿದು, ಕುಟ್ಟುವ ಸದ್ದು ಹುಟ್ಟಿ, ಕಡೆಗೆ ಪಿಸ್ಟನ್ನೇ ತೂತಾದೀತು. 1962ರಲ್ಲಿ ಅಮೆರಿಕದಲ್ಲಿ ಹೊರಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನ ಟರ್ಬೋ ಒತ್ತಡವು ಚದರ ಅಂಗುಲಕ್ಕೆ ಕೇವಲ 5 ಪೌಂಡು. ಆದರೂ ಈ ಸಿಡಿತವನ್ನು ತಡೆಯಲು ನೀರೂ ಮೆಥನಾಲೂ ಬೆರೆತ ದ್ರವವನ್ನು ಎಂಜಿನಿಗೆ ಊಡಬೇಕಾಯಿತು.

ಇಂದಿನ ಕಾರುಗಳಲ್ಲಿ ಕಂಪ್ಯೂಟರೇ ಆ ಸದ್ದನ್ನು ಗುರುತಿಸಿ ಒತ್ತಡವನ್ನು ತಗ್ಗಿಸುವುದು. ಅದನ್ನು ವಂಚಿಸುವ ಅಗ್ಗದ ಉಪಕರಣಗಳಿಗೆ ಗೃಹಸ್ಥರು ಮರುಳಾಗಬಾರದು. ಮೊದಲು ಒತ್ತಡದ ಮಾಪಕವನ್ನು ಹಾಕಿಸಿರಿ. ಬಳಿಕ ಪೆಟ್ರೋಲಿನ ಅಳತೆಯನ್ನೂ ಕಿಡಿಯ ಕಾಲವನ್ನೂ ಬಲ್ಲವರಿಂದ ಸರಿಪಡಿಸಿಕೊಂಡೇ ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿರಿ. ಕುಟ್ಟುವ ಸದ್ದು ಕೇಳಿತೋ, ಅಲ್ಲಿಂದ ಹಿಂದಿರುಗುವುದೇ ಲೇಸೆಂದು ನಾವು ಹೇಳುವೆವು.