ಮದ್ದಿನ ಅಳತೆ ಕೇಳದ ಪರವಾನಗಿ

ನಮ್ಮ ಅಪ್ಪನ ಹತ್ತಿರ ಒಂದು ಕೇಪಿನ ಬಂದೂಕು ಇತ್ತು. ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕುದುರೆಯ ಕೆಳಗೆ ತಾಮ್ರದ ಕೇಪು ಕೂಡಿಸಿ ಹಾರಿಸುವಂಥದ್ದು. ಕಲಘಟಗಿಯಿಂದ ದೇವಿಕೊಪ್ಪದ ಕಡೆ ಅಡವಿಗೆ ಹತ್ತಿಕೊಂಡ ನಮ್ಮ ನಾಲ್ಕು ಎಕರೆ ಹೊಲ ಕಾಯುವುದಕ್ಕೆ ಅಂತಲೇ ಕೊಟ್ಟ ಪರವಾನಗಿ. ಕಾಗದದ ಮೇಲೆ ಬಂದೂಕಿನ ನಂಬರು, ನಳಿಗೆಯ ಉದ್ದ, ಅಪ್ಪನ ಹೆಸರು, ಅವನ ಅಪ್ಪನ ಹೆಸರು, ಊರು, ಎಲ್ಲ ಇತ್ತು. ಈ ಬಂದೂಕಿನ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂದು ಕೇಳುವ ಜಾಗ ಮಾತ್ರ ಆ ಕಾಗದದಲ್ಲಿ ಇರಲಿಲ್ಲ.

ಅಪ್ಪ ಅದನ್ನು ತಾನೇ ಕೇಳಿಕೊಳ್ಳುತ್ತಿದ್ದ. ಪ್ರತಿವರ್ಷ ರೋಹಿಣಿ ಮಳೆ ಬೀಳುವುದಕ್ಕಿಂತ ಮೊದಲು, ಬಿತ್ತನೆಗೆ ಇನ್ನೂ ಹದಿನೈದು ದಿನ ಇರುವಾಗ, ಹಿತ್ತಲಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದ. ಅಚ್ಚು ಚೆನ್ನಾಗಿ ಕಾಯುವ ತನಕ ಮೊದಲ ನಾಲ್ಕಾರು ಗುಂಡುಗಳ ಮೈ ಸುಕ್ಕುಗಟ್ಟಿರುತ್ತದೆ. ಅವನ್ನು ತಿರುಗಿ ಪಾತ್ರೆಗೇ ಹಾಕುತ್ತಿದ್ದ. ಉಳಿದವನ್ನು ಅರಿವೆಯಲ್ಲಿ ಕಟ್ಟಿಕೊಂಡು ಕಲಘಟಗಿ ಪ್ಯಾಟಿಯ ಅಕ್ಕಸಾಲಿಗರ ಮನೆಗೆ ನಡೆಯುತ್ತಿದ್ದ, ಜೊತೆಗೆ ನಾನು. ಅಪ್ಪನ ಹತ್ತಿರ ಒಂದು ತಾಯಿಗುಂಡು ಇತ್ತು. ತಕ್ಕಡಿಯ ಒಂದು ಪರಡಿಯಲ್ಲಿ ಅದನ್ನಿಟ್ಟು ಇನ್ನೊಂದರಲ್ಲಿ ಹೊಸ ಗುಂಡುಗಳನ್ನು ಒಂದೊಂದಾಗಿ ತೂಗುವುದು. ಮುಳ್ಳು ನಟ್ಟನಡುವೆ ನಿಂತರೆ ಚೀಲಕ್ಕೆ, ಗುಲಗಂಜಿ ತೂಕ ಕಡಿಮೆ ಬಿದ್ದರೂ ಹೊರಕ್ಕೆ. ನೋಡಲು ಎಲ್ಲವೂ ಒಂದೇ ಥರ ಇವೆಯಲ್ಲ ಅಂದಿದ್ದಕ್ಕೆ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹಗುರ ಆಗೇತಿ ಅಂದ್ರ ಹೊಟ್ಟ್ಯಾಗ ಗಾಳಿ ಐತಿ. ಗಾಳಿ ಇದ್ದ ಗುಂಡು ಹೇಳಿದ ಕಡೆ ಹೋಗೂದಿಲ್ಲ."

ಮದ್ದಿನ ಅಳತೆಗೆ ಎತ್ತಿನ ಕೊಂಬಿನ ತುದಿ. ಆ ಕೊಂಬು ಆ ಅಳತೆಗೆ ಬಂದ ಕಥೆಯೇ ಒಂದು. ಬಂದೂಕು ಕೈಗೆ ಬಂದ ವರ್ಷ ಅಪ್ಪ ಹಳೆಯ ಮಾವಿನ ಹಲಗೆಗೆ ಸುಣ್ಣದಿಂದ ಊಟದ ತಾಟಿನಷ್ಟು ಗುಂಡನೆ ಗೆರೆ ಬರೆದು, ಮೂವತ್ತು ಹೆಜ್ಜೆ ದೂರ ಕೂತು, ಒಂದು ಅಳತೆಗೆ ಐದು ಈಡು ಹಾರಿಸಿ ನೋಡಿದನಂತೆ. ಮತ್ತೆ ಕೊಂಬಿನ ಬಾಯಿಯನ್ನು ಅರದಿಂದ ತುಸು ಉಜ್ಜಿ ಅಳತೆ ಇಳಿಸಿ ಇನ್ನೈದು. ಹೀಗೆ ನಾಲ್ಕು ದಿನ. ಕೊನೆಗೆ ಅವನು ಉಳಿಸಿಕೊಂಡದ್ದು ಹೆಚ್ಚು ಜೋರಾಗಿ ಹೊಡೆದ ಅಳತೆಯನ್ನಲ್ಲ. ಐದೂ ಗುಂಡು ಒಂದರ ಪಕ್ಕ ಒಂದು ಬಿದ್ದ ಅಳತೆಯನ್ನು. ಅಲ್ಲಿಂದ ಮುಂದೆ ಕೊಂಬಿಗೆ ಅರ ಮುಟ್ಟಿಸಲಿಲ್ಲ. ತುಂಬುವಾಗಲೂ ಅಷ್ಟೇ: ಮದ್ದು ಸುರಿದು ಜೋಳದ ಗರಿಯಿಂದ ಬಾಯಿ ಸಮ ಮಾಡುವುದು, ತೆಂಗಿನ ನಾರಿನ ಸಿಂಬೆ ಪ್ರತಿಸಲವೂ ಅಷ್ಟೇ ಗಾತ್ರದ್ದು, ಗಜದ ಏಟೂ ಎಣಿಸಿದಷ್ಟೇ. "ಮದ್ದು ಅಂದ್ರ ಉಪ್ಪು ಇದ್ದಂಗಲ್ಲ ತಮ್ಮಾ, ಕೈಯಳತಿ ನಡೆಯೂದಿಲ್ಲ."

1971ರ ಶ್ರಾವಣದಲ್ಲಿ ನಾನು ಕೈಯಳತೆ ಮಾಡಿದೆ. ನನಗಾಗ ಹತ್ತೊಂಬತ್ತು. ಅಪ್ಪನಿಗೆ ಜ್ವರ, ನಾನೊಬ್ಬನೇ ಮಂಚಿಕೆಯ ಮೇಲೆ. ಸಣ್ಣಗೆ ಮಳೆ. ಕಾಡುಹಂದಿ ಗೋವಿನಜೋಳದ ದಂಟು ಮುರಿಯುವ ಸದ್ದು ಹೊಲದ ಆ ತುದಿಯಿಂದ ಬರುತ್ತಿತ್ತು. ಮದ್ದು ತಣ್ಣಸ ಹಿಡಿದಿರಬಹುದು, ಹಂದಿಯೂ ದೂರ ಇದೆ, ಇರಲಿ ಎಂದು ಕೊಂಬಿನ ಅಳತೆಯ ಮೇಲೆ ಅಂಗೈಯಿಂದ ಇನ್ನಷ್ಟು ಸುರಿದೆ. ಈಡು ಹೆಗಲಿಗೆ ಒದೆಯಿತು. ಹಂದಿ ಕೂಗಿಕೊಂಡದ್ದು ಕೇಳಿಸಿತು, ಬಿದ್ದ ಸದ್ದು ಕೇಳಿಸಲಿಲ್ಲ. ಬೆಳಗ್ಗೆ ನೋಡಿದರೆ ಬದುವಿನ ಮೇಲೆ ರಕ್ತ, ಒಂದು ಹಿಂಗಾಲು ಎಳೆದ ಗುರುತು. ಜ್ವರದಲ್ಲೇ ಎದ್ದ ಅಪ್ಪ ಕಂಬಳಿ ಹೊದ್ದು ಆ ಗುರುತು ಹಿಡಿದು ನಡೆದ. ಎರಡು ದಿನ ಸಿಗಲಿಲ್ಲ. ಮೂರನೆಯ ದಿನ ಹಳ್ಳದ ದಂಡೆಯ ಪೊದೆಯೊಳಗೆ ಸಿಕ್ಕಿತು. ತೊಡೆಯ ಗಾಯದಲ್ಲಿ ಹುಳ ಆಗಿದ್ದವು. ಇನ್ನೂ ಉಸಿರಾಡುತ್ತಿತ್ತು, ಕಣ್ಣು ನಮ್ಮ ಕಡೆಗೇ ಇತ್ತು. ಅಪ್ಪ ಅಳತೆ ಮಾಡಿ ತುಂಬಿ ಒಂದೇ ಈಡಿಗೆ ಮುಗಿಸಿದ. ನನಗೆ ಬೈಯಲಿಲ್ಲ. ಮುಂದಿನ ಬೇಸಿಗೆಯ ತನಕ ಬಂದೂಕನ್ನೂ ಮುಟ್ಟಗೊಡಲಿಲ್ಲ.

ಇಷ್ಟು ವರ್ಷದ ಮೇಲೆ ಇದನ್ನು ಬರೆಯುವುದಕ್ಕೆ ಕಾರಣವಿದೆ. ಕಲಘಟಗಿ, ಅಳ್ನಾವರ, ಹಳಿಯಾಳದ ಅಡವಿಯಂಚಿನಲ್ಲಿ ಈಗ ಯಾವ ರೈತರ ಸಭೆಗೆ ಹೋದರೂ ಮಾತು ಹಂದಿಗೇ ಬಂದು ನಿಲ್ಲುತ್ತದೆ. ಗೋವಿನಜೋಳ, ಕಬ್ಬು, ಶೇಂಗಾ, ಬತ್ತ, ಅದು ಯಾವುದನ್ನೂ ಬಿಟ್ಟಿಲ್ಲ. ಒಂದು ರಾತ್ರಿ ಹಿಂಡು ಹೊಕ್ಕರೆ ಹೊಲ ರೂಟರ್ ಹೊಡೆದಂತೆ ಆಗಿರುತ್ತದೆ. "ಹೊಡೆಯಲು ಅನುಮತಿ ಕೊಡಿ" ಎಂಬ ಕೂಗು ಜೋರಾಗುತ್ತಿದೆ. ಕೂಗು ನ್ಯಾಯವಾದದ್ದು, ಆ ಹೊಲದಲ್ಲಿ ನಾನೂ ನಿದ್ದೆಗೆಟ್ಟವನು. ಆದರೆ ಅನುಮತಿ ಕೇಳುವವರೂ ಕೊಡುವವರೂ, ಹೊಡೆಯುವ ಗುಂಡು ಎಂಥದ್ದು, ಹೊಡೆಯುವವನ ಕೈ ಎಂಥದ್ದು ಎಂಬ ಮಾತನ್ನೇ ಎತ್ತುತ್ತಿಲ್ಲ.

ಕಾನೂನಿನಲ್ಲಿ ದಾರಿ ಇದೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದರೂ, ಪ್ರಾಣಿಯಿಂದ ಜೀವಕ್ಕೋ ನಿಂತ ಬೆಳೆಗೋ ಅಪಾಯ ಇದೆ ಎಂದು ಮನದಟ್ಟಾದರೆ 11ನೇ ಕಲಮಿನಡಿ ಅರಣ್ಯಾಧಿಕಾರಿಗಳು ಕಾರಣ ಬರೆದು ಅನುಮತಿ ಕೊಡಬಹುದು. 2022ರ ತಿದ್ದುಪಡಿಯ ನಂತರವೂ ಎರಡನೇ ಅನುಸೂಚಿಯಲ್ಲಿರುವ ಕಾಡುಹಂದಿಗೆ ಆ ದಾರಿ ತೆರೆದೇ ಇದೆ. ಪಕ್ಕದ ಕೇರಳ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಮುಖ್ಯಸ್ಥರ ತನಕ ಇಳಿಸಿತು. ಹೊಡೆಯುವವರು ಪರವಾನಗಿ ಬಂದೂಕು ಇದ್ದವರು. ನಮ್ಮಲ್ಲಿ ಆ ಬಂದೂಕು ಯಾವುದು? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ಕಾಯಲು ಹೆಸರು ಹಿಡಿದು ಹೇಳುವುದೇ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಅನಿಸಿದರೆ ಮಾತ್ರ ತೋಟಾ ಹಾಕುವ ನುಣುಪು ನಳಿಗೆಯದು. ಅಂದರೆ ನಮ್ಮ ರೈತನ ಒಂದೊಂದು ಈಡೂ ಅವನ ಕೈಯಲ್ಲೇ ತಯಾರಾಗುತ್ತದೆ. ಕಾರ್ಖಾನೆಯ ತೋಟಾದ ಹಿಂದೆ ಅಳೆದು ತುಂಬುವ ಯಂತ್ರ ಇರುತ್ತದೆ. ಕೇಪಿನ ಬಂದೂಕಿನ ಹಿಂದೆ ಇರುವುದು ಮಂಚಿಕೆಯ ಮೇಲೆ, ಕತ್ತಲಲ್ಲಿ, ಚಳಿಗೆ ನಡುಗುವ ಒಂದು ಕೈ.

ನಮ್ಮ ಸೀಮೆಯಲ್ಲಿ ಆಳುವವರಿಗೆ ಬಂದೂಕು ಎಣಿಸುವ ಚಟ ಹಳೆಯದು. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಆ ಡಿಸೆಂಬರಿನಲ್ಲಿ ಸೆರೆಸಿಕ್ಕವರನ್ನು ನೇಣಿಗೆ ಹಾಕಿದರು. ಲಾವಣಿಯಲ್ಲಿ ಅದನ್ನು ಇವತ್ತಿಗೂ ಹಾಡುತ್ತಾರೆ. ಈಗಿನ ಕಾಲದಲ್ಲೂ ಚುನಾವಣೆ ಬಂದರೆ ಬಂದೂಕು ಠಾಣೆಗೆ ಒಯ್ದಿಡು, ಮುಗಿದ ಮೇಲೆ ಬಿಡಿಸಿಕೊಂಡು ಬಾ. ಎಣಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ತಂದವು, ಅದೂ ಒಳ್ಳೆಯದೇ. ಆದರೆ ಮೂರು ತಲೆಮಾರು ಕಂಡ ಬಂದೂಕಿನ ನಳಿಗೆ ಒಳಗೆ ತುಕ್ಕು ತಿಂದಿದೆಯೇ, ಅದನ್ನು ಹಿಡಿದವನು ಎಷ್ಟು ಮದ್ದು ಹಾಕುತ್ತಾನೆ, ಮೂವತ್ತು ಹೆಜ್ಜೆಗೆ ತಾಟಿಗೆ ಹೊಡೆಯುತ್ತಾನೆಯೇ ಎಂದು ವರ್ಷಕ್ಕೊಮ್ಮೆ ನೋಡುವವರು ಯಾರು? ನಮ್ಮೂರಿನಲ್ಲೇ ಒಬ್ಬರು, ತುಂಬಿಟ್ಟದ್ದು ಮರೆತು ಅದರ ಮೇಲೆ ಇನ್ನೊಂದು ಈಡು ತುಂಬಿದರು. ನಳಿಗೆ ಸೀಳಿತು. ಎಡಗೈಯ ಮೂರು ಬೆರಳು ಹೋದವು. ಅವರ ಪರವಾನಗಿ ಚೊಕ್ಕಟವಾಗಿತ್ತು.

ನನ್ನ ತಂಗಿಯ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಪಕ್ಕದ ಮನೆಯ ಮುದುಕರೊಬ್ಬರು ತಮ್ಮ ಕಾರು ನಿಲ್ಲಿಸುವ ಕೋಣೆಗೆ ಕರೆದೊಯ್ದರು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಅವರು ರೈಫಲ್ಲಿನ ತೋಟಾಗಳನ್ನು ತಾವೇ ತುಂಬುವವರು. ಅಲ್ಲಿ ಅದಕ್ಕೆ ತಡೆ ಇಲ್ಲ. ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸಿದರೆ ಜೈಲು. ಹಿತ್ತಾಳೆಯ ಕೋಶಗಳನ್ನು ತೂಕ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿದ್ದರು. ಮದ್ದನ್ನು ಗ್ರೇನ್ ಲೆಕ್ಕದಲ್ಲಿ, ಅದರ ಹತ್ತನೇ ಒಂದು ಪಾಲಿನ ತನಕ ತೂಗುತ್ತಿದ್ದರು. ನಮ್ಮ ಒಂದು ಗುಲಗಂಜಿ ಎಂದರೆ ಹೆಚ್ಚುಕಡಿಮೆ ಎರಡು ಗ್ರೇನ್. ಹಾಗಾದರೆ ಅವರು ಗುಲಗಂಜಿಯನ್ನು ಇಪ್ಪತ್ತು ಚೂರು ಮಾಡಿ ತೂಗುತ್ತಿದ್ದಾರೆ! ಗುಂಡಿನ ವೇಗ ಅಳೆಯುವ ಪೆಟ್ಟಿಗೆಯೂ ಇತ್ತು. ಒಂದು ಗುಂಡು ತುಸು ನಿಧಾನ, ಇನ್ನೊಂದು ತುಸು ಬೇಗ ಹೊರಟರೆ ನೂರು ಗಜಕ್ಕೆ ಗೊತ್ತಾಗದ ವ್ಯತ್ಯಾಸ ಐನೂರು ಗಜಕ್ಕೆ ಮೇಲೆಕೆಳಗೆ ಚೆದುರಿ ಕಾಣುತ್ತದೆ ಎಂದರು. ಗುಂಡಿನ ವೇಗ ಅಳೆಯುವ ವಿದ್ಯೆಗೆ 1742ರ ತನ್ನ ಪುಸ್ತಕದಲ್ಲಿ ಬುನಾದಿ ಹಾಕಿದ ಬೆಂಜಮಿನ್ ರಾಬಿನ್ಸ್ ಸತ್ತದ್ದು ನಮ್ಮ ದೇಶದಲ್ಲೇ, 1751ರಲ್ಲಿ, ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ. ಗುಂಡನ್ನು ತೂಗುಬಿಟ್ಟ ಹಲಗೆಗೆ ಹೊಡೆದು, ಹಲಗೆ ಎಷ್ಟು ಹಿಂದೆ ತೂಗಿತು ಎಂಬುದರಿಂದ ವೇಗ ತೆಗೆದವನು ಆತ.

ಆ ಮುದುಕರ ಮೇಜಿನ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನೋಟುಬುಕ್ಕು. ಯಾವ ದಿನ, ಎಷ್ಟು ಮದ್ದು, ಎಷ್ಟು ಚಳಿ, ಐದು ಗುಂಡು ಎಷ್ಟು ಹತ್ತಿರ ಬಿದ್ದವು ಎಂದು ವರ್ಷಗಟ್ಟಲೆ ಬರೆದದ್ದು. ಎಲ್ಲಕ್ಕಿಂತ ಜೋರಿನ ಅಳತೆಯ ಮೇಲೆ ಗೆರೆ ಎಳೆದು, ಕೆಳಗಿನದೊಂದಕ್ಕೆ ಗುರುತು ಹಾಕಿದ್ದರು. ಅಕ್ಷರ ಬಾರದ ನಮ್ಮಪ್ಪ ಅದನ್ನೇ ಒಂದು ಕೊಂಬಿನಲ್ಲಿ ಬರೆದಿಟ್ಟಿದ್ದ. ಇಷ್ಟೆಲ್ಲ ಮಾಡಿ ಎಷ್ಟು ದೂರದಿಂದ ಹೊಡೆಯುತ್ತೀರಿ ಎಂದು ಕೇಳಿದೆ. ಎಷ್ಟು ಹತ್ತಿರ ಹೋಗಲು ಆಗುತ್ತದೋ ಅಷ್ಟು ಹತ್ತಿರ ಹೋಗಿ ಎಂದರು.

ಅವರಂಥ ಮನುಷ್ಯರನ್ನು ಬರಿಯ ಒಳ್ಳೆಯತನ ತಯಾರಿಸಿದ್ದಲ್ಲ. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಬೇಟೆಗಾರರ ಪಾಠ ಮುಗಿಸದೆ ಬೇಟೆಯ ಪರವಾನಗಿ ಪಡೆಯುವಂತಿಲ್ಲ. ಫಿನ್ಲೆಂಡಿನಲ್ಲಿ ಮೂಸ್ ಹೊಡೆಯಬೇಕೆಂದರೆ ಮೊದಲು ಎಪ್ಪತ್ತೈದು ಮೀಟರಿನಿಂದ 23 ಸೆಂಟಿಮೀಟರಿನ ವೃತ್ತದೊಳಗೆ ನಾಲ್ಕು ಗುಂಡು ಹಾಕಿ ತೋರಿಸಬೇಕು. ಓದಿದಾಗ ಅಡುಗೆಮನೆಯಿಂದ ಒಂದು ತಾಟು ತಂದು ಅಳೆದೆ. ಹೆಚ್ಚುಕಡಿಮೆ ಅಪ್ಪನ ಸುಣ್ಣದ ಗೆರೆಯಷ್ಟೇ.

ನಾನು ಕೇಳುವುದು ಇಷ್ಟು. ಹಂದಿ ಹೊಡೆಯುವ ಅನುಮತಿಯನ್ನು ಇಂಥ ಪರೀಕ್ಷೆಗೆ ಕಟ್ಟಿ. ತಾಲೂಕಿನ ಬೆಳೆರಕ್ಷಣೆ ಬಂದೂಕುದಾರರನ್ನೆಲ್ಲ ಮೇ ತಿಂಗಳಲ್ಲಿ ಒಂದು ದಿನ ಪೊಲೀಸರ ಫೈರಿಂಗ್ ಮೈದಾನಕ್ಕೆ ಕರೆಯಿರಿ. ನಾಗರಿಕರಿಗೆ ಬಂದೂಕು ತರಬೇತಿ ಕೊಡುವ ಶಿಬಿರಗಳನ್ನು ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಡೆಸುತ್ತಲೇ ಇದೆ, ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಆರ್ಮರರ್ ನಳಿಗೆಯೊಳಗೆ ದೀಪ ಬಿಟ್ಟು ನೋಡಲಿ. ಸೀಳು ಬಿಟ್ಟಿದ್ದರೆ ಅಲ್ಲೇ ತೆಗೆದಿಟ್ಟುಕೊಂಡು, ಪರವಾನಗಿ ರದ್ದು ಮಾಡದೆ ಬೇರೆ ಬಂದೂಕಿಗೆ ಬದಲಿಸಿ ಕೊಡಲಿ. ರೈತ ತನ್ನ ಅಳತೆ ತಂದು ತೋರಿಸಲಿ, ಐದು ಈಡು ಹಾರಿಸಲಿ. ತಾಟಿನೊಳಗೆ ಬಿದ್ದವನಿಗೆ ಆ ವರ್ಷದ ಅನುಮತಿ. ಬೀಳದವನು ಸದ್ದು ಮಾಡಿ ಓಡಿಸಲಿ, ಮುಂದಿನ ವರ್ಷ ಮತ್ತೆ ಬರಲಿ, ಅವನ ಊರಿಗೆ ಪಾಸಾದ ಇನ್ನೊಬ್ಬ ಹೋಗಲಿ.

ಇದರಿಂದ ರೈತನಿಗೆ ಇನ್ನೊಂದು ಕಚೇರಿ ತಿರುಗಾಟ ಆಗುತ್ತದೆ ಎಂದು ನನ್ನ ಸ್ನೇಹಿತರೇ ಬೇಸರ ಮಾಡಿಕೊಂಡರು. ತಿರುಗಾಟ ನನಗೂ ಗೊತ್ತು. ಅಪ್ಪ ತೀರಿದ ಮೇಲೆ ಬಂದೂಕನ್ನು ನನ್ನ ಹೆಸರಿಗೆ ಮಾಡಿಸಲು ಎರಡು ವರ್ಷ ಅಲೆದು, ಕೊನೆಗೆ ಕೈಬಿಟ್ಟು ಒಪ್ಪಿಸಿ ಬಂದವನು ನಾನು. ಆದರೆ ದಾರಿ ಸರಿಮಾಡದೆ ಬಿಟ್ಟರೆ ಆಗುವುದೇನು ಎಂಬುದೂ ಕಣ್ಣ ಮುಂದಿದೆ. ಬೇಲಿಗೆ ಕರೆಂಟು ಕೊಡುತ್ತಾರೆ, ಬೆಳಗ್ಗೆ ನೀರು ಹಾಯಿಸಲು ಹೋದ ಮನೆಯವನೇ ಸಾಯುತ್ತಾನೆ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ, ಮೇಯಲು ಹೋದ ಆಕಳು ದವಡೆ ಹರಿದುಕೊಂಡು ಬರುತ್ತದೆ. ಕೇರಳದ ಪಾಲಕ್ಕಾಡಿನಲ್ಲಿ 2020ರಲ್ಲಿ ಗಬ್ಬದ ಆನೆ ಹಾಗೇ ಬಾಯಿ ಒಡೆದುಕೊಂಡು, ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಬೆಳೆ ಪರಿಹಾರ ಬೇಗ ಬಂದರೆ ಇಂಥ ಕೈಗಳು ಅರ್ಧ ತಡೆದಾವು. ಉಳಿದರ್ಧಕ್ಕೆ ಲೆಕ್ಕಕ್ಕೆ ಸಿಗುವ, ಅಳೆದು ಹಾರಿಸಿದ ಒಂದು ಈಡೇ ಮೇಲು. ಹಂದಿಗೂ ಅದೇ ಮೇಲು. ಹಳ್ಳದ ದಂಡೆಯಲ್ಲಿ ಮೂರು ದಿನ ಹುಳ ಹತ್ತಿಸಿಕೊಂಡು ಮಲಗಿದ್ದ ಆ ಪ್ರಾಣಿಯ ಕಣ್ಣು ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಜಿಲ್ಲಾಡಳಿತ ದಿನ ಗೊತ್ತುಮಾಡಲಿ. ಮಾವಿನ ಹಲಗೆ, ಸುಣ್ಣ ನಾನು ತರುತ್ತೇನೆ. ಅಳತೆಯ ಕೊಂಬು ಹೇಗಿರಬೇಕೆಂದು ಕೇಳುವ ಹುಡುಗರಿಗೆ ತೋರಿಸಲು ಅಪ್ಪನದು ಇನ್ನೂ ನನ್ನ ಹತ್ತಿರ ಇದೆ.