ಸುಮ್ಮನಿರಿಸುವ ಗುಳಿಗೆ: ಗುಣ ಆಗುವುದು ಯಾರಿಗೆ?

ವರದಕ್ಷಿಣೆ ಕಿರುಕುಳದ ಮಾತು ಹಿರಿಯರ ಮುಂದೆ ಬಂದಾಗ ಗಂಡನ ಮನೆಯವರು ಹೇಳುವುದು ನಮಗೆಲ್ಲ ಬಾಯಿಪಾಠ. ಕೆಲಸ ಬರೂದಿಲ್ಲ, ಹಿರಿಯರಿಗೆ ಎದುರು ಮಾತಾಡ್ತಾಳ, ತವರಿನವರು ಕಿವಿ ಊದ್ಯಾರ. ಈ ಸಾಲಿಗೆ ಇನ್ನೊಂದು ಮಾತೂ ಇದೆ: "ಅಕಿ ತಲಿ ನೆಟ್ಟಗಿಲ್ರಿ, ಗುಳಗಿ ನಡದಾವ." ಇದು ಬಂದ ಕೂಡಲೇ ಕೂತವರೆಲ್ಲ ಗಪ್ಪಾಗುತ್ತಾರೆ. ಗುಳಿಗೆ ಇದೆ ಎಂದರೆ ಡಾಕ್ಟರು ಬರೆದಿರಬೇಕು, ಡಾಕ್ಟರು ಬರೆದಿದ್ದಾರೆ ಎಂದರೆ ರೋಗ ಇರಲೇಬೇಕು. ಅಲ್ಲಿಗೆ ಹೊಡೆತದ ಮಾತು, ತರಬೇಕೆಂದ ಬಂಗಾರದ ಮಾತು ಬದಿಗೆ ಸರಿಯುತ್ತವೆ. ಅದು ಯಾವ ಗುಳಿಗೆ, ಯಾಕೆ ಬರೆದರು, ನುಂಗಿದ ಮೇಲೆ ಅವಳ ಮೈಗೆ ಏನಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಗೆಳತಿಯರೆ, ಸಂಘದಲ್ಲಿ ನಾವು ಕೇಳಬೇಕಾದದ್ದು ಅದನ್ನೇ.

ಔಷಧ ಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಮನಸ್ಸಿನ ಕಾಯಿಲೆ ನಿಜ. ಇಲ್ಲದ ದನಿ ಕೇಳಿಸುವುದು, ಹತ್ತಿರದವರೇ ವಿಷ ಹಾಕುತ್ತಾರೆಂಬ ಭಯದಲ್ಲಿ ಅನ್ನ ಬಿಡುವುದು, ವಾರಗಟ್ಟಲೆ ನಿದ್ದೆ ಇಲ್ಲದೆ ತಿರುಗುವುದು, ಇವು ಗಾಳಿಯೂ ಅಲ್ಲ, ದೇವರ ಶಾಪವೂ ಅಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ, ಈಗ ಡಿಮ್ಹಾನ್ಸ್ ಎಂದು ಕರೆಯುವುದು, 1845ರಷ್ಟು ಹಿಂದೆ ಬ್ರಿಟಿಷರ ಕಾಲದಲ್ಲಿ ಹುಚ್ಚರ ಆಸ್ಪತ್ರೆಯಾಗಿ ಶುರುವಾಯಿತು. ನೂರು ವರ್ಷ ಇಂಥ ಆಸ್ಪತ್ರೆಗಳಲ್ಲಿ ಕೂಡಿಹಾಕುವುದನ್ನು ಬಿಟ್ಟರೆ ಮಾಡುವುದು ಹೆಚ್ಚೇನೂ ಇರಲಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಇಂಥ ರೋಗಿಗಳಿಗೆ ಕೊಟ್ಟ ಮೇಲೆ ಜಗತ್ತಿನ ಎಲ್ಲ ಕಡೆ ಎಷ್ಟೋ ಜನ ಮನೆಗೆ ಮರಳಿದರು. ಆಗ ನಮ್ಮ ಮುಂಡರಗಿಯ ಪಕ್ಕಕ್ಕೇ ಇದ್ದ ಬಳ್ಳಾರಿ ಜಿಲ್ಲೆಯಲ್ಲಿಯೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ ಕೊಟ್ಟು ಈ ಔಷಧಗಳನ್ನು ಊರಿಗೆ ಮುಟ್ಟಿಸಿದರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದು ಒಳ್ಳೆಯ ಕೆಲಸ. ನಮ್ಮ ತಕರಾರು ಬೇರೆ: ಗುಳಿಗೆ ಮನೆಯವರೆಗೆ ಬಂತು, ಅದರ ಬಗೆಗಿನ ತಿಳಿವಳಿಕೆ ನುಂಗುವವಳವರೆಗೆ ಬರಲಿಲ್ಲ.

ಈ ಔಷಧಗಳು ಮೆದುಳಿನಲ್ಲಿ ಡೋಪಮಿನ್ ಎಂಬ ರಸಾಯನದ ಕೆಲಸವನ್ನು ತಡೆಯುತ್ತವೆ. ಇಲ್ಲದ ದನಿಗಳು ಅದರಿಂದ ಕಡಿಮೆಯಾಗುತ್ತವೆ. ಆದರೆ ಡೋಪಮಿನ್ ಅಷ್ಟಕ್ಕೇ ಇರುವುದಲ್ಲ. ಕೈಕಾಲು ಸಲೀಸಾಗಿ ಆಡಲು ಅದು ಬೇಕು, ಹೆಣ್ಣಿನ ಮುಟ್ಟು ಸರಿಯಾಗಿ ಬರಲು ಬೇಕು, ಒಂದು ಕೆಲಸಕ್ಕೆ ಮನಸ್ಸಾಗಲೂ ಬೇಕು. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಲ್ಲಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ, ಕತ್ತು ಒಂದು ಕಡೆಗೆ ಎಳೆದಂತಾಗುತ್ತದೆ. ಬಹಳ ವರ್ಷ ನುಂಗಿದ ಕೆಲವರಿಗೆ ಬಾಯಿ, ನಾಲಿಗೆ ತಾವೇ ಆಡತೊಡಗುತ್ತವೆ, ಔಷಧ ನಿಲ್ಲಿಸಿದರೂ ಅದು ಹೋಗದಿರಬಹುದು. ಹೊಸ ಔಷಧಗಳಲ್ಲಿ ನಡುಕ ಕಡಿಮೆ. ಆದರೆ ಓಲಾಂಜಪೈನ್, ಕ್ಲೋಜಪೈನ್‌ಗಳಲ್ಲಿ ಹಸಿವು ಹೆಚ್ಚಿ ಮೈ ಬರುತ್ತದೆ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಬಾಣಂತಿಗೆ ಎದೆಹಾಲು ಬರಿಸುವ ಹಾರ್ಮೋನು ಅದು. ಅದು ಏರಿದರೆ ಮುಟ್ಟು ತಪ್ಪುತ್ತದೆ, ಬಸಿರು ನಿಲ್ಲುವುದು ಕಷ್ಟ, ಮಗು ಇಲ್ಲದೆಯೂ ಎದೆಯಲ್ಲಿ ಹಾಲು ಬರಬಹುದು.

ಪುಸ್ತಕದಲ್ಲಿ ಇದನ್ನು ಅಡ್ಡ ಪರಿಣಾಮ ಎನ್ನುತ್ತಾರೆ. ಅತ್ತೆಮನೆಯಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಬೆಳಿಗ್ಗೆ ಏಳಲಾಗದವಳು ಮೈಗಳ್ಳಿ. ಮೈ ಬಂದರೆ ಕೂತು ತಿನ್ನುವವಳು. ಕೈ ನಡುಗಿ ರೊಟ್ಟಿ ಬಡಿಯಲು ಆಗದಿದ್ದರೆ, ಬೆಟಗೇರಿಯ ಮಗ್ಗದ ಮನೆಯಲ್ಲಿ ಕಡಿದ ಎಳೆ ಕೂಡಿಸಲು ಆಗದಿದ್ದರೆ, ಕೆಲಸಕ್ಕೆ ಬಾರದವಳು. ಮುಟ್ಟು ನಿಂತು ಮಕ್ಕಳಾಗದಿದ್ದರೆ ಬಂಜಿ, ಇನ್ನೊಂದು ಮದುವೆಗೆ ಅದೇ ನೆಪ. ನಾಲ್ಕನ್ನೂ ಮಾಡಿದ್ದು ಗುಳಿಗೆ, ಬೈಸಿಕೊಳ್ಳುವವಳು ಅವಳು.

ಇನ್ನೊಂದು ಪರಿಣಾಮವಿದೆ, ಅದನ್ನು ಎಲ್ಲ ಸಂಘದವರೂ ತಿಳಿದಿರಬೇಕು. ಡಾಕ್ಟರರು ಅಕಥೀಸಿಯಾ ಎನ್ನುತ್ತಾರೆ. ಒಳಗೆ ತಡೆಯಲಾಗದ ಚಡಪಡಿಕೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು, ರಾತ್ರಿಯೆಲ್ಲ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ತಿರುಗಾಟ. ನೋಡುವವರಿಗೆ ಹುಚ್ಚು ಹೆಚ್ಚಾದಂತೆಯೇ ಕಾಣುತ್ತದೆ. ಗಂಡ ಡಾಕ್ಟರ ಹತ್ತಿರ ಹೋಗಿ ಹಾಗೆಯೇ ಹೇಳುತ್ತಾನೆ. ರೋಗಿಯನ್ನು ಮಾತಾಡಿಸಲು ಪುರುಸೊತ್ತಿಲ್ಲದ ಡಾಕ್ಟರು ಗುಳಿಗೆ ಹೆಚ್ಚಿಸುತ್ತಾರೆ, ಚಡಪಡಿಕೆಯೂ ಹೆಚ್ಚುತ್ತದೆ. ಅವಳನ್ನೇ ಕೂರಿಸಿಕೊಂಡು "ಯಾವಾಗಿಂದ ಹಿಂಗಾಗೈತಿ ತಂಗಿ, ಗುಳಿಗಿ ಚಾಲೂ ಮಾಡಿದ ಮ್ಯಾಲೋ, ಮೊದಲೋ?" ಎಂದು ಕೇಳಿದ್ದರೆ ತಿಳಿಯುತ್ತಿತ್ತು. ಪ್ರಮಾಣ ಇಳಿಸಿದರೆ, ಇಲ್ಲವೆ ಔಷಧ ಬದಲಿಸಿದರೆ ಹೆಚ್ಚಿನವರಿಗೆ ಇದು ಕಡಿಮೆಯಾಗುತ್ತದೆ.

ಮಾತಾಡಿಸುವ ಮೊದಲೇ ಗುಳಿಗೆ ಬರೆಯುವ ರೂಢಿ ಎಲ್ಲಿಂದ ಬಂತು? ಡಾಕ್ಟರರ ಅವಸರ ಒಂದು ಕಾರಣ. ಕಂಪನಿಗಳ ಮಾರಾಟ ಇನ್ನೊಂದು. ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಕತೆಯನ್ನು ನಾವು ತಿಳಿಯಲೇಬೇಕು. ಜೈಪ್ರೆಕ್ಸಾ ಎಂಬ ಹೆಸರಿನಲ್ಲಿ ಅದು ಮಾರಿದ ಔಷಧ ಇದೇ ಓಲಾಂಜಪೈನ್. ಅದನ್ನು ಮರೆವಿನ ರೋಗದ ಮುದುಕರಿಗೆ ಕೊಡಲು ಅಲ್ಲಿಯ ಸರಕಾರದ ಒಪ್ಪಿಗೆ ಇರಲಿಲ್ಲ. ಆದರೂ ಕಂಪನಿಯವರು ವೃದ್ಧರ ಆರೈಕೆ ಮನೆಗಳಿಗೆ ಹೋಗಿ ಮಾರಿದರು. ಅವರ ಘೋಷಣೆ "ಐದಕ್ಕೆ ಐದು": ಸಂಜೆ ಐದು ಗಂಟೆಗೆ ಐದು ಮಿಲಿಗ್ರಾಂ ಕೊಡಿ, ರಾತ್ರಿಯೆಲ್ಲ ಮಲಗಿರುತ್ತಾರೆ. ನೋಡಿಕೊಳ್ಳುವವರಿಗೆ ತೊಂದರೆ ಇಲ್ಲ! ಇಂಥ ಮುದುಕರಲ್ಲಿ ಈ ಔಷಧಗಳಿಂದ ಸಾವು ಹೆಚ್ಚುತ್ತದೆಂದು ಅಮೆರಿಕ ಸರಕಾರ 2005ರಲ್ಲಿ ಎಚ್ಚರಿಸಿತು. 2009ರ ಜನವರಿಯಲ್ಲಿ ಕಂಪನಿ ತಪ್ಪೊಪ್ಪಿಕೊಂಡು 141.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. 2010ರಲ್ಲಿ ಕ್ವೆಟಿಯಾಪೈನ್ ಮಾರಾಟದ ಆರೋಪಕ್ಕೆ ಆಸ್ಟ್ರಾಜೆನೆಕಾ 52 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕೊಟ್ಟದ್ದು 220 ಕೋಟಿ ಡಾಲರಿಗೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ರಿಸ್ಪೆರಿಡೋನಿನದು.

ಅಮೆರಿಕದ ಮುದುಕರಿಗೂ ಶಿರಹಟ್ಟಿಯ ಸೊಸೆಗೂ ಏನು ಸಂಬಂಧ ಎನ್ನಬಹುದು. ಆ ಘೋಷಣೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ನುಂಗುವವರ ಸುಖದ ಮಾತಿಲ್ಲ, ಸುತ್ತಲಿನವರಿಗೆ ಆರಾಮ ಎಂಬುದೇ ಮಾರುವ ಗುಣ. ಎದುರು ಮಾತಾಡುವ ಹೆಣ್ಣು ಸುಮ್ಮನಾದರೆ ನಮ್ಮ ಮನೆಗಳಲ್ಲಿಯೂ "ಗುಣ ಆತು" ಎನ್ನುತ್ತಾರಲ್ಲವೆ?

ನಮ್ಮ ದೇಶದಲ್ಲಿ ಈ ಔಷಧಗಳನ್ನು ಅನೇಕ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತವೆ. ಬೆಲೆ ಕಡಿಮೆ ಇರುವುದು ಬಡವರಿಗೆ ಒಳ್ಳೆಯದೇ. ಆದರೆ ಒಳಗಿರುವುದು ಒಂದೇ ಔಷಧವಾದಾಗ ತನ್ನ ಹೆಸರಿನದನ್ನೇ ಬರೆಸಿಕೊಳ್ಳಲು ಪ್ರತಿ ಕಂಪನಿಯೂ ಡಾಕ್ಟರರ ಬಾಗಿಲಿಗೆ ಎಂ.ಆರ್. ಕಳಿಸುತ್ತದೆ. ಡಾಕ್ಟರರಿಗೆ ಕಂಪನಿಗಳು ಕೊಡುವ ಉಡುಗೊರೆ ಕಾನೂನಿಗೆ ವಿರುದ್ಧ, ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಫೆಬ್ರುವರಿಯಲ್ಲಿ ಹೇಳಬೇಕಾಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಮಾರಾಟದ ನೀತಿಸಂಹಿತೆ ಹೊರಡಿಸಿ ಉಡುಗೊರೆ, ಪ್ರವಾಸಗಳನ್ನು ನಿಷೇಧಿಸಿತು. ದೂರು ಬಂದರೆ ವಿಚಾರಿಸುವವರು ಮಾತ್ರ ಕಂಪನಿಗಳ ಸಂಘದ್ದೇ ಸಮಿತಿ! ಹೊಡೆದ ಗಂಡನ ದೂರನ್ನು ಅವನ ಅಣ್ಣತಮ್ಮಂದಿರ ಮುಂದೆ ಇಟ್ಟಂತೆ.

ಇನ್ನು, ಮನಸ್ಸಿನ ಕಾಯಿಲೆ ಇಲ್ಲದವರ ಹೊಟ್ಟೆಗೂ ಇವು ಸೇರುತ್ತಿವೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ನಮಗೆ ಎದೆ ಉರಿ, ಗ್ಯಾಸು ಇದ್ದದ್ದೇ. ಅದಕ್ಕೆ ಕೊಡುವ ಕೆಲವು ಕ್ಯಾಪ್ಸೂಲುಗಳಲ್ಲಿ ರಾಬೆಪ್ರಜೋಲ್ ಇಲ್ಲವೆ ಪ್ಯಾಂಟೊಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಅದೂ ಡೋಪಮಿನ್ ತಡೆಯುವ ಜಾತಿಯದೇ, ಹೆಚ್ಚಿನ ಪ್ರಮಾಣದಲ್ಲಿ ಚಿತ್ತವಿಕಾರಕ್ಕೆ ಬಳಸುವಂಥದ್ದು. ಮುಟ್ಟು ತಪ್ಪುವುದು, ಎದೆಯಲ್ಲಿ ಹಾಲು ಬರುವುದು, ವಯಸ್ಸಾದವರಲ್ಲಿ ನಡುಕ, ಇವು ಅದರಿಂದಲೂ ಆಗುತ್ತವೆ. ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುವ ಮಾತ್ರೆ ಅದಲ್ಲ. ಹಾಗೆಯೇ "ಟೆನ್ಶನ್ ಗುಳಿಗೆ" ಎಂದು ಬರೆಯುವ ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಕೂಡಿಸಿದ ಮಾತ್ರೆ. ಇದರಲ್ಲಿ ಫ್ಲುಪೆಂಟಿಕ್ಸಾಲ್ ಚಿತ್ತವಿಕಾರದ ಔಷಧ. ಡೀನ್‌ಕ್ಸಿಟ್ ಎಂಬ ಹೆಸರಿನಲ್ಲಿ ಇದನ್ನು ಇಲ್ಲಿ ಮಾರಿದ ಲುಂಡ್‌ಬೆಕ್ ಕಂಪನಿಯ ತವರು ಡೆನ್ಮಾರ್ಕ್. ಅಲ್ಲಿಯೇ ಇದರ ಮಾರಾಟಕ್ಕೆ ಒಪ್ಪಿಗೆ ಇರಲಿಲ್ಲವೆಂದು 2012ರಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಎತ್ತಿ ತೋರಿಸಿತು. 2013ರ ಜೂನ್‌ನಲ್ಲಿ ಕೇಂದ್ರ ಸರಕಾರ ಅದನ್ನು ತಡೆಯುವ ಅಧಿಸೂಚನೆ ಹೊರಡಿಸಿತು. ಅಲ್ಲಿಯವರೆಗೆ ನುಂಗಿದವರಿಗೆ ಯಾರು ಜವಾಬು ಕೊಡುತ್ತಾರೆ?

ಇದಕ್ಕಿಂತ ಹೆದರಿಕೆಯ ಸಂಗತಿ ಗುಟ್ಟಾಗಿ ಕೊಡುವುದು. ಹ್ಯಾಲೊಪೆರಿಡಾಲ್ ಹನಿಯಾಗಿ ಸಿಗುತ್ತದೆ, ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಬಾಯಲ್ಲಿಟ್ಟರೆ ಕರಗುವ ಓಲಾಂಜಪೈನ್ ಮಾತ್ರೆಗಳೂ ಇವೆ. ಚಹಾದಲ್ಲಿ, ಸಾರಿನಲ್ಲಿ ಹಾಕಿದರೆ ತಿಳಿಯುವುದೇ ಇಲ್ಲ. ಔಷಧ ಒಲ್ಲೆ ಎನ್ನುವ ರೋಗಿಯನ್ನು ಇಟ್ಟುಕೊಂಡು ಸೋತ ತಾಯಿ ಹೀಗೆ ಮಾಡುವುದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಆದರೂ ಒಪ್ಪಲಾರೆ. ವರದಕ್ಷಿಣೆಗಾಗಿ ಪೀಡಿಸುವ ಮನೆಯಲ್ಲಿ ಅದೇ ಹನಿ ಗಂಡನ ಕೈಯಲ್ಲಿದ್ದರೆ? ನಾಲಿಗೆ ತೊದಲಿದವಳ ಮಾತನ್ನು ಯಾವ ಪೊಲೀಸರು ಬರೆದುಕೊಳ್ಳುತ್ತಾರೆ? ಕೈ ನಡುಗುವವಳ ಸಹಿಗೆ ಯಾವ ಬೆಲೆ? ಮನೋರೋಗದ ವ್ಯವಸ್ಥೆಯಲ್ಲಿ ಹೆಣ್ಣಿನ ದನಿ ಹೇಗೆ ಅಳಿಸಿಹೋಗುತ್ತದೆಂಬುದನ್ನು ಪುಣೆಯ ಬಾಪು ಟ್ರಸ್ಟಿನ ಭಾರ್ಗವಿ ದಾವರ್ ವರ್ಷಗಟ್ಟಲೆ ಬರೆದರು. ಅವರ ತಾಯಿ ಅಂಥ ಆಸ್ಪತ್ರೆಗಳನ್ನು ಅನುಭವಿಸಿದವರು. ಭಾರ್ಗವಿ 2024ರಲ್ಲಿ ತೀರಿಕೊಂಡರು, ಅವರು ಎತ್ತಿದ ಪ್ರಶ್ನೆ ನಮ್ಮ ಚಳವಳಿಯದೂ ಹೌದು.

ಔಷಧದ ಚೀಟಿಯೇ ಮುಂದೆ ಸಾಕ್ಷಿಯಾಗುತ್ತದೆ. ಹಿಂದೂ ವಿವಾಹ ಕಾಯಿದೆಯ 13ನೆಯ ಕಲಮಿನಲ್ಲಿ ಮನೋವಿಕಾರವು ವಿಚ್ಛೇದನಕ್ಕೆ ಒಂದು ಕಾರಣ. ಆದರೆ ರೋಗದ ಹೆಸರೊಂದೇ ಸಾಲದು, ಜೊತೆಯಲ್ಲಿ ಬಾಳಲಾಗದಷ್ಟು ತೀವ್ರವಾಗಿದೆ ಎಂಬುದು ಸಾಬೀತಾಗಬೇಕು ಎಂದು 1988ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ರಾಮನಾರಾಯಣ ಗುಪ್ತಾ ಪ್ರಕರಣದ ಆ ತೀರ್ಪು ಬರೆದವರು ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 2013ರಲ್ಲಿಯೂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 105ನೆಯ ಕಲಮಿನಂತೆ, ಕೋರ್ಟಿನಲ್ಲಿ ಒಬ್ಬಳಿಗೆ ಮನೋರೋಗವಿದೆ ಎಂದು ದಾಖಲೆ ತಂದಾಗ ಅವಳು ಅಲ್ಲಗಳೆದರೆ, ಕೋರ್ಟು ಅದನ್ನು ಪರಿಶೀಲನೆಗೆ ಮಂಡಳಿಗೆ ಕಳಿಸಬೇಕು. ಗಂಡ ತಂದ ಚೀಟಿಯೇ ಕೊನೆಯ ಮಾತಲ್ಲ.

ಇದೇ ಕಾಯಿದೆಯಲ್ಲಿ ಸಂಘಗಳು ಕೂಡಲೇ ಬಳಸಬಹುದಾದದ್ದು 14ನೆಯ ಕಲಮು. ವಯಸ್ಸಿಗೆ ಬಂದ ಯಾರೇ ಆಗಲಿ, ಮುಂದೆ ಮನಸ್ಸಿನ ಕಾಯಿಲೆಯ ಚಿಕಿತ್ಸೆ ಬೇಕಾದರೆ ತನ್ನ ಪರವಾಗಿ ಮಾತಾಡುವವರು ಇಂಥವರು ಎಂದು ಬಿಳಿ ಹಾಳೆಯ ಮೇಲೆ ಬರೆದು ಸಹಿ ಇಲ್ಲವೆ ಹೆಬ್ಬೆಟ್ಟು ಒತ್ತಿದರೆ ಸಾಕು. ಅವರು ಅವ್ವ ಆಗಬಹುದು, ಅಕ್ಕ ಆಗಬಹುದು, ಒಪ್ಪಿದರೆ ಸಂಘದ ಗೆಳತಿಯೂ ಆಗಬಹುದು. ಬರೆಯದಿದ್ದರೆ ಆ ಅಧಿಕಾರ ಸಂಬಂಧಿಕರ ಕಡೆಗೆ ಹೋಗುತ್ತದೆ, ಗಂಡನೂ ಅದರಲ್ಲಿ ಬಂದ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಕೂತರೆ ಹತ್ತು ಹೆಂಗಸರ ಹಾಳೆ ತಯಾರಾಗುತ್ತದೆ. ಚಿಕಿತ್ಸೆಯ ದಾಖಲೆ ನೋಡುವ ಹಕ್ಕೂ ರೋಗಿಗೇ ಇದೆ, 25ನೆಯ ಕಲಮು.

ಸದಸ್ಯೆಯೊಬ್ಬಳು ಗುಳಿಗೆ ನುಂಗುತ್ತಿದ್ದರೆ "ಬಿಡು, ಎಸಿ" ಎಂದು ಮಾತ್ರ ಹೇಳಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು, ಅದು ಅವಳ ವೈರಿಗಳಿಗೇ ಅನುಕೂಲ. ಬದಲಿಗೆ ಅವಳ ಜೊತೆ ಇಬ್ಬರು ಹೋಗಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ನೋಡುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ತಂದಿತು. ನಿಮ್ಮಲ್ಲಿ ಯಾವ ದಿನ ಬರುತ್ತಾರೆಂದು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ಮೊದಲು ಕೇಳಿಕೊಳ್ಳಿ. ಗಂಡ, ಅತ್ತೆಯನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಮಾತಾಡಿಸಿರೆಂದು ಡಾಕ್ಟರಿಗೆ ಹೇಳಿ. ರೋಗ ಯಾವುದು, ಔಷಧದ ಹೆಸರೇನು, ಎಷ್ಟು ದಿನ, ಮುಟ್ಟಿನ ಮೇಲೆ ಏನಾಗುತ್ತದೆ, ಬಸಿರಾಗುವ ವಿಚಾರವಿದ್ದರೆ ಏನು ಮಾಡಬೇಕು, ತೂಕ ಮತ್ತು ಸಕ್ಕರೆ ಯಾವಾಗ ಪರೀಕ್ಷಿಸುತ್ತೀರಿ ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಮನೆಯಲ್ಲಿ ಹೊಡೆತ ಇರುವುದನ್ನೂ ಅಲ್ಲಿಯೇ ಹೇಳಿ, ಚೀಟಿಯಲ್ಲಿ ಅದೂ ಬರಲಿ. ನಿದ್ದೆ ಬಾರದ್ದಕ್ಕೆ ಹೊಡೆತವೇ ಕಾರಣವಾದರೆ ಗುಳಿಗೆ ಏನು ಮಾಡೀತು?

ಫೋನಿನಲ್ಲಿ ಕೇಳಲು ಟೆಲಿ ಮಾನಸ್ ಇದೆ, 14416, ಕನ್ನಡದಲ್ಲಿಯೇ ಮಾತಾಡಬಹುದು. ಔಷಧದಿಂದ ತೊಂದರೆಯಾದರೆ ರೋಗಿಯೇ ದೂರು ದಾಖಲಿಸಬಹುದು, 1800-180-3024. ಮನೆಯ ದೌರ್ಜನ್ಯಕ್ಕೆ 181. ಅಂಗಡಿಯಲ್ಲಿ ಕೊಂಡರೆ ಬಿಲ್ಲು ಕೇಳಿ, ಖಾಲಿ ಪಟ್ಟಿ ಎಸೆಯಬೇಡಿ. ಅವಳ ಚೀಟಿ, ಬಿಲ್ಲುಗಳ ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿ, ಪಾಸ್‌ಬುಕ್ಕಿನ ಜೊತೆಗೇ ಇರಲಿ.